ಓಡದ ಮೊಲ

ಕರ್ನಾಟಕದಲ್ಲಿ ಪಶುವೈದ್ಯ ಪದವಿ ಮುಗಿಸಿ ಆಸ್ಟ್ರೇಲಿಯಾಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಹಲವರು ನನ್ನ ಹಾಗೆಯೇ ಮೊದಲು ಮಾಂಸ ಪರೀಕ್ಷಕರ ಬಿಳಿ ಕೋಟು ತೊಡುತ್ತಾರೆ. ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಅಂತ ಸೇರಿಕೊಂಡು ಕೆಲವರು ಅಲ್ಲೇ ಉಳಿದೂ ಬಿಡುತ್ತಾರೆ. ಅಂಥ ಇಬ್ಬರು ಮೊನ್ನೆ ಬ್ರಿಸ್ಬೇನಿನ ನನ್ನ ಮನೆಗೆ ಬಂದು, "ಅಂಕಲ್, ಕೆಲಸ ಹೇಗಿರತ್ತೆ ಹೇಳಿ" ಎಂದರು. ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಚಾಕು ಮೊಂಡಾಗಲು ಬಿಡಬೇಡಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಕೈಯನ್ನು ಮೊಣಕೈವರೆಗೆ ತೊಳೆಯಿರಿ ಎಂದೆಲ್ಲ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಹೇಳಬೇಕಾದ ಮಾತು ಅದಾಗಿರಲಿಲ್ಲ.

ನನ್ನ ಕೆಲಸದ ಬಹುಪಾಲು ದನ ಕುರಿಗಳ ನಡುವೆ ಕಳೆಯಿತು. ಆದರೆ ಅಡಿಲೇಡ್‌ನಲ್ಲಿದ್ದಷ್ಟು ಕಾಲ ನಾನು ನೋಡಿದ್ದು ಕಾಡುಮೊಲಗಳನ್ನು. ಈಗ ಬರೆಯುವುದು ಅವುಗಳ ಬಗ್ಗೆ.

ಎಪ್ಪತ್ತರ ದಶಕದ ನಡುವೆ ನಾನೂ ನನ್ನ ಹೆಂಡತಿ ಸರೋಜಳೂ ಬಂದಿಳಿದದ್ದು ಪರ್ತ್‌ಗೆ. ಪಶುವೈದ್ಯರ ನೋಂದಣಿ ಕಚೇರಿಯ ಹೆಂಗಸು ನನ್ನ ಪದವಿ ಪತ್ರವನ್ನು ಬಹಳ ಮರ್ಯಾದೆಯಿಂದ ನೋಡಿ, ಅಷ್ಟೇ ಮರ್ಯಾದೆಯಿಂದ ಮಡಚಿ ವಾಪಸು ಕೊಟ್ಟಳು. ಇಲ್ಲಿ ಅದು ನಡೆಯುವುದಿಲ್ಲ. ಹೊಟ್ಟೆಪಾಡಿಗೆ ಮೊಲಗಳ ಕಾಟ ನಿಯಂತ್ರಿಸುವ ತಂಡದಲ್ಲಿ ಹಂಗಾಮಿ ಸಹಾಯಕನಾಗಿ ಸೇರಿದೆ. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳಲ್ಲಿ ಎಳೆ ಬಳ್ಳಿಗಳ ತೊಗಟೆಯನ್ನು ಮೊಲಗಳು ಸುಲಿದು ಹಾಕುತ್ತಿದ್ದವು. ನಾವು ನೇಗಿಲ ಸಾಲಿನ ಹಾಗೆ ತೆಳುವಾಗಿ ಮಣ್ಣು ಕೆರೆದು, ಅದರ ಮೇಲೆ ಓಟ್ಸ್ ಕಾಳು ಚೆಲ್ಲುತ್ತಾ ಹೋಗುತ್ತಿದ್ದೆವು. ಅದರಲ್ಲಿ ಅಲ್ಲೊಂದು ಇಲ್ಲೊಂದು ಕಾಳಿಗೆ ಮಾತ್ರ ವಿಷ. ಒಂದು ಕಾಳು ತಿಂದರೂ ಮೊಲಕ್ಕೆ ಸಾಕು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಬೇಯಿಸಿದರೆ ಹೋಗುತ್ತದೆ ಎಂದು ನಂಬುವಂತಿಲ್ಲ. ಇದಕ್ಕೆ ಮದ್ದೂ ಇಲ್ಲ ಎಂದು ತಂಡದ ಮುಖ್ಯಸ್ಥ ಮೊದಲ ದಿನವೇ ಹೇಳಿದ್ದ.

ಅಲ್ಲಿ ಒಂದು ತೋಟದ ಮುದುಕನ ನಾಯಿ ಸತ್ತ ಮೊಲವನ್ನು ತಿಂದಿತು. ಕೆಲವು ಗಂಟೆ ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಬೇಲಿಯುದ್ದಕ್ಕೂ ಓಡತೊಡಗಿತು. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಊಳಿಡುತ್ತಾ, ಕಂಬಕ್ಕೆ ಗುದ್ದಿಕೊಂಡು, ಮತ್ತೆ ಎದ್ದು. ಮುದುಕ ಹೆಸರು ಹಿಡಿದು ಕರೆದರೂ ಅದಕ್ಕೆ ಗುರುತು ಹತ್ತಲಿಲ್ಲ. ಕೊನೆಗೆ ಬಿದ್ದು, ಮಲಗಿದಲ್ಲೇ ನಾಲ್ಕೂ ಕಾಲಲ್ಲಿ ಓಡುತ್ತಾ ಸತ್ತಿತು. ಒಮ್ಮೆ ಕಂಡವರು ಅದನ್ನು ಬೇರೆ ಯಾವ ಕಾಯಿಲೆ ಎಂದೂ ತಪ್ಪು ತಿಳಿಯಲಾರರು. ಮುಂದೆ ನಾನು ತಪ್ಪು ತಿಳಿಯಲಿಲ್ಲ ಎನ್ನುವುದಕ್ಕಾಗಿಯೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮಾಂಸ ಪರೀಕ್ಷಕರ ತರಬೇತಿ ಮುಗಿಸಿ ಅಡಿಲೇಡ್‌ಗೆ ಹೋದೆ. ನಗರದ ಹೊರಗೆ ಒಂದು ಮೊಲದ ಕಾರ್ಖಾನೆ. ಉತ್ತರದ ಒಣ ಬಯಲುಗಳಲ್ಲಿ ಮೊಲ ಹೊಡೆಯುವವರು ಕರುಳು ತೆಗೆದು, ಚರ್ಮ ಹಾಗೆಯೇ ಬಿಟ್ಟು, ಒಂದರ ಹಿಂಗಾಲಿಗೆ ಇನ್ನೊಂದರ ಹಿಂಗಾಲು ಸಿಕ್ಕಿಸಿ ಜೋಡಿ ಜೋಡಿಯಾಗಿ ಶೀತಲ ಪೆಟ್ಟಿಗೆಯಲ್ಲಿ ನೇತು ಹಾಕಿ ಕಳಿಸುತ್ತಿದ್ದರು. ಈಲಿ ಅಂದರೆ ಲಿವರ್, ಗುಂಡಿಗೆ, ಮೂತ್ರಪಿಂಡ ಒಳಗೇ ಇರಬೇಕು. ರೋಗ ಗುರುತಿಸಲು ನಾವು ಓದುವ ಪುಸ್ತಕ ಅದೇ ತಾನೆ.

ನನ್ನ ಮೇಲಧಿಕಾರಿಯ ಹೆಸರು ಮರ್ವ್. ಶಾಲೆ ಅರ್ಧಕ್ಕೆ ಬಿಟ್ಟವನು. ನನ್ನ ಪದವಿಯ ವಿಷಯ ತಿಳಿದ ದಿನದಿಂದ ನನ್ನನ್ನು 'ಡಾಕ್' ಎಂದೇ ಕರೆದ. ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ಎರಡನೆಯ ವಾರ ನಾನು ಒಂದು ಇಡೀ ಲಾರಿ ಮೊಲಗಳನ್ನು ಕಸಕ್ಕೆ ಹಾಕಿಸಿದೆ. ಹೊಟ್ಟೆಯ ಪೊರೆಯ ಮೇಲೆ ಬಟಾಣಿ ಗಾತ್ರದ ನೀರ್ಗುಳ್ಳೆಗಳನ್ನು ಕಂಡು, ಪುಸ್ತಕದಲ್ಲಿ ಓದಿದ್ದ ಭಯಂಕರ ಹೆಸರುಗಳೆಲ್ಲ ನೆನಪಾಗಿದ್ದವು. ಮರ್ವ್ ಬಂದು ರಾಶಿಯನ್ನು ನೋಡಿದ, ನನ್ನನ್ನು ನೋಡಿದ.

"ಡಾಕ್, ಇವು ನಾಯಿ ಹುಳುವಿನ ಗುಳ್ಳೆ. ಮನುಷ್ಯನಿಗೆ ಏನೂ ಮಾಡಲ್ಲ. ಕಿತ್ತು ಎಸೆದಿದ್ರೆ ಆಗಿತ್ತು."

"ಪುಸ್ತಕದಲ್ಲಿ..."

"ಪುಸ್ತಕ ಮೊಲ ತಿಂದಿಲ್ಲ ಮೇಟ್."

ಅಂದು ಸಂಜೆಯವರೆಗೆ ಕಾರ್ಖಾನೆಯವರು ನನ್ನ ಹಿಂದೆ ಮೊಲದ ಹಾಗೆ ಮೂಗು ಅಲ್ಲಾಡಿಸುತ್ತಾ ಓಡಾಡಿದರು. ಆದರೆ ಕೆಲಸ ಕಲಿಸಿದ್ದು ಮರ್ವ್‌ನೇ. ಕಿವಿಯನ್ನು ಬೆರಳಲ್ಲಿ ಹಿಡಿದು ಎಳೆ, ಸುಲಭವಾಗಿ ಹರಿದರೆ ಎಳೆಯದು. ಉಗುರು ನೋಡು, ಒರಟಾಗಿ ಉದ್ದವಾಗಿದ್ದರೆ ಅದು ಅಜ್ಜಿ, ಗಂಟೆಗಟ್ಟಲೆ ಬೇಯಬೇಕು. ಮೂತ್ರಪಿಂಡದ ಸುತ್ತ ಬೆಳ್ಳನೆ ಕೊಬ್ಬಿದ್ದರೆ ಚೆನ್ನಾಗಿ ಮೇಯ್ದ ಮೊಲ. ಕಣ್ಣೂ ಕಿವಿಯ ಬುಡವೂ ಊದಿದ್ದರೆ ಅದು ಮಿಕ್ಸೊ ರೋಗ, ತಿಂದರೆ ಸಾಯುವುದಿಲ್ಲ, ಆದರೆ ಯಾರ ತಟ್ಟೆಗೂ ಹಾಕಬೇಡ. ಇಷ್ಟೆಲ್ಲ ಆದ ಮೇಲೆ ಅವನು ಲಾರಿ ತಂದವರನ್ನು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದ: "ಓಡ್ತಿದ್ವಾ?"

ನಾನು ಮೊದಲು ಅದನ್ನು ಕುಶಲ ಪ್ರಶ್ನೆ ಎಂದುಕೊಂಡಿದ್ದೆ. ಒಂದು ದಿನ ಅವನೇ ಹೇಳಿದ. "ದನ ಕುರಿ ಆದ್ರೆ ಕೊಲ್ಲೋಕೆ ಮುಂಚೆ ಅದು ನಡೆಯೋದನ್ನ ನಾವು ನೋಡ್ತೀವಿ. ಮೊಲ ನಮ್ಮ ಹತ್ರ ಬರೋದು ಹೆಣವಾಗಿ. ಅದು ಹೇಗಿತ್ತು ಅಂತ ನೋಡಿದವನು ಹೊಡೆದವನೊಬ್ಬನೇ. ಓಡೋ ಮೊಲ ತಿನ್ನೋ ಮೊಲ ಡಾಕ್. ಕೂತೇ ಇತ್ತು ಅಂದ್ರೆ, ಯಾಕೆ ಅಂತ ಗೊತ್ತಾಗೋವರೆಗೂ ಮುಟ್ಟಬೇಡ."

ಕೆಲವೊಮ್ಮೆ ಮಾರುಕಟ್ಟೆಯ ಅಂಗಡಿಗಳ ತಪಾಸಣೆಗೂ ಹೋಗುತ್ತಿದ್ದೆ. ಮೊಲಕ್ಕೆ ಅಲ್ಲಿನವರು 'ಅಂಡರ್‌ಗ್ರೌಂಡ್ ಮಟನ್' ಎನ್ನುತ್ತಿದ್ದರು. ಬಡತನದ ಕಾಲದಲ್ಲಿ ಅದೇ ಅವರ ಕುರಿ. ಹಳಬರಿಗೆ ಅದನ್ನು ಕಂಡರೆ ಬೇಸರ, ಇಟಲಿ ಗ್ರೀಸಿನಿಂದ ಬಂದವರಿಗೆ ಪ್ರೀತಿ. ಇಟಲಿಯ ಒಬ್ಬ ಮುದುಕಿ ಪ್ರತಿ ಶುಕ್ರವಾರ ಬಂದು ತಲೆಯಿರುವ ಮೊಲವನ್ನೇ ಕೇಳುತ್ತಿದ್ದಳು. ತಲೆ ಯಾಕಮ್ಮ ಎಂದು ಕೇಳಿದೆ. "ಯುದ್ಧದ ಕಾಲದಲ್ಲಿ ಮೊಲ ಅಂತ ಬೆಕ್ಕು ಮಾರ್ತಿದ್ರು. ನೀನು ಕೋಟು ಹಾಕಿದೀಯ ಅಂತ ನಂಬಲಾ?" ಎಂದಳು. ಅಂಗಡಿಯವನು ನಕ್ಕ, ನಾನೂ ನಕ್ಕೆ. ಈಗ ಯೋಚಿಸಿದರೆ ಅವಳು ನನಗಿಂತ ಒಳ್ಳೆಯ ಪರೀಕ್ಷಕಿ.

ಮನೆಗೂ ಮೊಲ ತರತೊಡಗಿದೆ. ಸರೋಜ ಮೊದಲು ಮೂಗು ಮುರಿದಳು. ಆಮೇಲೆ ಅವಳೇ ಒಂದು ಕ್ರಮ ಮಾಡಿಕೊಂಡಳು. ಹಿಂದಿನ ರಾತ್ರಿಯೇ ಉಪ್ಪು ನೀರಲ್ಲಿ ನೆನೆಹಾಕುವುದು, ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆಯುವುದು. ಮುಂಗಾಲು, ಹಿಂಗಾಲು, ಬೆನ್ನು ಬೇರೆ ಬೇರೆ ಮಾಡಿ, ತೊಡೆಯ ಮೇಲಿನ ತೆಳು ಪೊರೆಯನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿ ಸುಲಿಯುವುದು. ಅದಿದ್ದರೆ ಮಸಾಲೆ ಒಳಗೆ ಇಳಿಯುವುದಿಲ್ಲ. ಮೊಲದಲ್ಲಿ ಕೊಬ್ಬಿಲ್ಲ, ಹಾಗಾಗಿ ಹುರಿದರೆ ಕಡ್ಡಿಯಾಗುತ್ತದೆ. ಅರಿಶಿನ, ಮೊಸರು, ಮೆಣಸು ಸವರಿ ಇಟ್ಟು, ಈರುಳ್ಳಿ ಬಾಡಿಸಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಬೇಕು. ಹಸಿ ತೆಂಗಿನಕಾಯಿ ಸಿಗದ ದಿನ ಒಣ ಕೊಬ್ಬರಿ ಪುಡಿಯನ್ನೇ ಬಿಸಿನೀರಲ್ಲಿ ನೆನೆಸಿ ಅರೆಯುತ್ತಿದ್ದಳು. ಸಾರಿನ ವಾಸನೆ ಬೀದಿಯ ಕೊನೆಗೆ ಹೋಗುತ್ತಿತ್ತು.

ಆ ವಾಸನೆ ಹಿಡಿದೇ ಬಂದವರು ನಮ್ಮ ಕನ್ನಡದವರು. ಅಡಿಲೇಡ್‌ನಲ್ಲಿ ಆಗ ಬೆರಳೆಣಿಕೆಯಷ್ಟು ಕುಟುಂಬಗಳು, ಎಲ್ಲರೂ ಆಸ್ಪತ್ರೆಯ ಡಾಕ್ಟರುಗಳು. ನಾನೊಬ್ಬ ಮಾತ್ರ 'ದನದ ಡಾಕ್ಟ್ರು', ಅದೂ ಸತ್ತ ಮೇಲೆ ನೋಡುವವನು. ತಮಾಷೆಗೆ ಹೇಳುತ್ತಿದ್ದರು, ತಮಾಷೆಗೇ ನಗುತ್ತಿದ್ದೆ. ಅವರ ನಡುವೆ ನನ್ನ ಹತ್ತಿರ ಕೊಡಲು ಇದ್ದದ್ದು ಮೊಲ ಒಂದೇ. ಇದನ್ನು ಒಪ್ಪಿಕೊಳ್ಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವರಲ್ಲಿ ನನಗೆ ಹತ್ತಿರದವರು ಡಾಕ್ಟರ್ ಇಕ್ಬಾಲ್. ಮೈಸೂರಿನವರು, ಅರಿವಳಿಕೆ ತಜ್ಞರು. ಹೆಂಡತಿ ನಸೀಮಾ, ಐದು ವರ್ಷದ ಮಗಳು ಶಮಾ. ಎಲ್ಲರೂ ಸಾರು ಸುರಿದುಕೊಂಡು ಉಣ್ಣುವಾಗ ಅವರ ಮನೆಯವರು ಮಾತ್ರ ಬೇಳೆ ಸಾರು ಉಣ್ಣುತ್ತಿದ್ದರು. ಗುಂಡು ಹೊಡೆದು ಕೊಂದ ಮೊಲ ಅವರಿಗೆ ಆಗುವುದಿಲ್ಲ. ಕೋಳಿಯನ್ನೂ ಹಳ್ಳಿಯ ಕಡೆ ಹೋಗಿ ಜೀವಂತ ತಂದು ತಾವೇ ಕೊಯ್ಯುತ್ತಿದ್ದರು.

"ಗೌಡ್ರೇ, ಜೀವಂತ ಮೊಲ ಸಿಗಲ್ವಾ?" ಎಂದು ಒಮ್ಮೆ ಕೇಳಿದರು. "ಸಿಕ್ಕಿದ್ರೆ ಬಿಸ್ಮಿಲ್ಲಾ ಹೇಳಿ ನಾನೇ ಕೊಯ್ತೀನಿ. ನಿಮ್ಮ ಮನೆಯವರ ಸಾರಿನ ವಾಸನೆ ಮಾತ್ರ ಕುಡ್ಕೊಂಡು ಎಷ್ಟ್ ದಿನ ಅಂತ ಹೋಗೋದು?"

ನಾನು ಕಾರ್ಖಾನೆಗೆ ಮೊಲ ತರುತ್ತಿದ್ದ ಡೆಸ್ ಎಂಬವನನ್ನು ಕೇಳಿದೆ. ಡೆಸ್ ಐವತ್ತು ದಾಟಿದ ಒಂಟಿ ಮನುಷ್ಯ, ನಾಲ್ಕು ಮಾತಿಗೆ ಒಂದು ಉತ್ತರ.

"ಜೀವಂತ? ಯಾಕೆ, ಸಾಕ್ತೀಯಾ?"

"ತಿನ್ನೋಕೆ."

"ಸತ್ತದ್ದನ್ನ ತಿನ್ನೋದು ಸುಲಭ ಮೇಟ್, ಓಡಲ್ಲ."

ಆದರೂ ತಂದುಕೊಟ್ಟ. ಬಿಲದ ಬಾಯಿಗೆ ಬಲೆ ಕಟ್ಟಿ, ಇನ್ನೊಂದು ಬಾಯಿಂದ ಮುಂಗುಸಿಯಂಥ ಫೆರೆಟ್ ಅನ್ನು ಒಳಗೆ ಬಿಟ್ಟು ಹಿಡಿಯುವುದು ಕಷ್ಟದ ಕೆಲಸ. ಎರಡು ಸಲ ತಂದ. ಎರಡು ಸಲವೂ ಪೆಟ್ಟಿಗೆಯ ಹಲಗೆ ಒಡೆದುಹೋಗುವ ಹಾಗೆ ಮೊಲಗಳು ಒದೆಯುತ್ತಿದ್ದವು. ಇಕ್ಬಾಲ್ ಒಂದನ್ನು ಹಿಡಿಯಲು ಹೋಗಿ ಕೈ ತರಚಿಸಿಕೊಂಡು, "ನಾನು ಹಿಡಿದ ಮೊಲಕ್ಕೆ ಮೂರಲ್ಲ ಸ್ವಾಮಿ, ಹತ್ತು ಕಾಲಿದೆ!" ಎಂದು ಕೂಗಿದ್ದರು.

ಇಲ್ಲಿ ಗಮನಿಸಿ. ಕಾರ್ಖಾನೆಯ ಬಾಗಿಲಿಂದ ಬಂದ ಮೊಲಕ್ಕೆ ಮರ್ವ್ ಇದ್ದ, ನಾನಿದ್ದೆ, ಪ್ರಶ್ನೆಯಿತ್ತು. ಮನೆಯ ಹಿತ್ತಲ ಬಾಗಿಲಿಂದ ಬಂದ ಮೊಲಕ್ಕೆ ಯಾರೂ ಇರಲಿಲ್ಲ. ನಾನಿದ್ದೆ, ಆದರೆ ಕೋಟು ಹಾಕಿರಲಿಲ್ಲ.

ಮೂರನೆಯ ಸಲ ಒಂದು ಭಾನುವಾರ. ನಮ್ಮ ಮನೆಯಲ್ಲಿ ಎಲ್ಲ ಕುಟುಂಬಗಳಿಗೂ ಊಟ. ಡೆಸ್ ಬೆಳಿಗ್ಗೆ ಏಳಕ್ಕೇ ಪೆಟ್ಟಿಗೆ ಇಳಿಸಿದ. ಆರು ಮೊಲ.

"ಇವತ್ತು ಬಲೆ, ಫೆರೆಟ್ ಏನೂ ಬೇಕಾಗಲಿಲ್ಲ," ಎಂದ. "ಬೇಲಿ ಪಕ್ಕ ಕೂತಿದ್ವು. ಎರಡನ್ನ ಕೈಯಲ್ಲೇ ಎತ್ಕೊಂಡೆ."

ಅವನು ಹೇಳಿದ. ನಾನು ಕೇಳಿದೆ. ನಾನು ನಕ್ಕು, "ನಿನಗೆ ವಯಸ್ಸಾಯ್ತು ಅಂತ ಅವುಗಳಿಗೂ ಕನಿಕರ" ಎಂದೆ.

ಮುಚ್ಚಳ ತೆಗೆದಾಗ ಒಂದು ತಳದಲ್ಲಿ ಸತ್ತು ಬಿದ್ದಿತ್ತು. ಇಕ್ಕಟ್ಟಿಗೆ ಉಸಿರುಗಟ್ಟಿರಬೇಕು ಎಂದ ಡೆಸ್. ಇರಬೇಕು ಎಂದೆ ನಾನೂ. ಉಳಿದ ಐದರ ಕಣ್ಣು, ಕಿವಿಯ ಬುಡ ನೋಡಿದೆ. ಮಿಕ್ಸೊ ಇಲ್ಲ. ಅಷ್ಟಕ್ಕೇ ತೃಪ್ತನಾದೆ. ಪೆಟ್ಟಿಗೆಯಲ್ಲಿ ಒಂದೂ ಒದೆಯುತ್ತಿರಲಿಲ್ಲ. ಇಕ್ಬಾಲ್ ಬಂದು, "ಇವತ್ತಿನವು ಒಳ್ಳೆ ಸಂಸ್ಕಾರ ಇರೋ ಮೊಲಗಳು" ಎಂದರು. ಸಲೀಸಾಗಿ ಕೊಯ್ದರು. ನಾನು ಚರ್ಮ ಸುಲಿದು, ಕರುಳು ತೆಗೆದು, ಸತ್ತ ಮೊಲದ ಜೊತೆಗೇ ನಿಂಬೆ ಗಿಡದ ಬುಡದಲ್ಲಿ ಹೂತೆ. ಆಳವಾಗಿ ಅಗೆಯಲಿಲ್ಲ. ಈಲಿ, ಗುಂಡಿಗೆಗಳನ್ನು ತೊಳೆದು ಸರೋಜಳಿಗೆ ಕೊಟ್ಟೆ.

ದೊಡ್ಡವರ ಊಟಕ್ಕೆ ಮೊದಲು ಮಕ್ಕಳನ್ನು ಕೂರಿಸಿದೆವು. ಅಡುಗೆಮನೆಯ ಮೇಜಿನ ಸುತ್ತ ನಾಲ್ಕು ಮಕ್ಕಳು. ಶಮಾ ತೆಳ್ಳಗಿದ್ದಳು, ಆ ಚಳಿಗಾಲದಲ್ಲಿ ಮತ್ತೆ ಮತ್ತೆ ಜ್ವರ ಬಂದು ಬಿಳಿಚಿಕೊಂಡಿದ್ದಳು. ನಮ್ಮ ಕಡೆ ಅಂಥ ಮಕ್ಕಳಿಗೆ ಈಲಿ ತಿನ್ನಿಸುತ್ತಾರೆ, ರಕ್ತವಾಗುತ್ತದೆ ಎಂದು. ಸರೋಜ ಮೆಣಸಿನಲ್ಲಿ ಹುರಿದಿದ್ದ ಈಲಿಯನ್ನು ನಾನೇ ಸೌಟಿನಲ್ಲಿ ಎತ್ತಿ ಅವಳ ತಟ್ಟೆಗೆ ಹಾಕಿದೆ. ಬೇರೆ ಮಕ್ಕಳಿಗೆ ಹಾಕಲಿಲ್ಲ, ಎಲ್ಲವನ್ನೂ ಅವಳಿಗೇ.

"ಐ ಡೋಂಟ್ ಲೈಕ್ ಇಟ್, ಅಂಕಲ್."

"ತಿನ್ನು ಮರಿ. ತಿಂದ್ರೆ ಮೊಲದ ಹಾಗೆ ಓಡ್ತೀಯ."

ಆಗಲೇ ಹಿತ್ತಲಿಂದ ನಮ್ಮ ನಾಯಿ ಕರಿಯನ ಕೂಗು ಕೇಳಿತು. ಕಿಟಕಿಯಿಂದ ನೋಡಿದೆ. ಅದು ಬಟ್ಟೆ ಒಣಹಾಕುವ ಕಂಬದಿಂದ ಬೇಲಿಗೆ, ಬೇಲಿಯಿಂದ ಕಂಬಕ್ಕೆ ಓಡುತ್ತಿತ್ತು. ನಿಂಬೆ ಗಿಡದ ಬುಡದಲ್ಲಿ ಮಣ್ಣು ಕೆದರಿತ್ತು.

ನನಗೆ ಆ ಕ್ಷಣವೇ ಗೊತ್ತಾಯಿತು. ಅನುಮಾನವಲ್ಲ, ಗೊತ್ತಾಯಿತು. ಸ್ವಾನ್ ವ್ಯಾಲಿಯ ಮುದುಕನ ನಾಯಿ, ಡೆಸ್‌ನ ಮಾತು, ತಳದಲ್ಲಿದ್ದ ಸತ್ತ ಮೊಲ, ಎಲ್ಲ ಒಟ್ಟಿಗೆ ಬಂದು ನಿಂತವು. ಬಾಯಿ ತೆರೆದು ಹೇಳಬೇಕಾದದ್ದು ಎರಡೇ ಮಾತು: ತಿನ್ನಬೇಡಿ, ವಿಷ. ಅದರ ಬದಲು ನಾನು, "ಕರಿಯನಿಗೆ ಏನೋ ಆಗಿದೆ, ನೋಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.

ಯಾಕೆ? ಇಷ್ಟು ವರ್ಷ ಇದೇ ಪ್ರಶ್ನೆ. ಮುಂದಿನ ಕೋಣೆಯಲ್ಲಿ ಡಾಕ್ಟರುಗಳು ಕೂತು ನಗುತ್ತಿದ್ದರು. ಅವರ ಮುಂದೆ ದನದ ಡಾಕ್ಟರು ನಿಂತು, ನಾನೇ ನಿಮ್ಮ ಮಕ್ಕಳಿಗೆ ವಿಷ ಬಡಿಸಿದೆ ಎನ್ನಬೇಕಿತ್ತು. ಕೆಲಸ ಹೋಗುತ್ತದೆ ಎಂಬುದೂ ಹೊಳೆಯಿತು. ಇವೆಲ್ಲದರ ಮೇಲೆ ಒಂದು ಒಳ್ಳೆಯ ಬಟ್ಟೆ ಹೊದಿಸಿದೆ: ಖಚಿತ ಮಾಡಿಕೊಂಡು ಹೇಳೋಣ, ಸುಮ್ಮನೆ ಗಾಬರಿ ಯಾಕೆ. ಕರಿಯನನ್ನು ಗೋಣಿಯಲ್ಲಿ ಸುತ್ತಿ ಹಿಡಿದು ಹಿತ್ತಲ ಷೆಡ್ಡಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಯಾರಿಗೂ ಕಾಣದಿರಲಿ ಎಂದು. ಅದು ನನ್ನ ಮಡಿಲಲ್ಲೇ ಕಾಲು ಝಾಡಿಸುತ್ತಿತ್ತು. ಷೆಡ್ಡಿಗೂ ಅಡುಗೆಮನೆಯ ಕಿಟಕಿಗೂ ಹತ್ತು ಹೆಜ್ಜೆ. ನಸೀಮಾಳ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಇನ್ನೊಂದೇ ತುತ್ತು ಬೇಟಾ. ಅಂಕಲ್ ಪ್ರೀತಿಯಿಂದ ಹಾಕಿದಾರೆ. ಹಾಂ... ಇನ್ನೊಂದು."

ಆ ಇನ್ನೊಂದು, ಆಮೇಲಿನ ಇನ್ನೊಂದು, ಎರಡನ್ನೂ ನಾನು ಕೇಳಿಸಿಕೊಂಡೆ. ನಾಯಿ ಸತ್ತ ಮೇಲೆ ಎದ್ದೆ. ಏಳೆಂಟು ನಿಮಿಷ ಆಗಿತ್ತು.

ಒಳಗೆ ಬಂದಾಗ ಶಮಾಳ ತಟ್ಟೆ ಖಾಲಿಯಾಗಿತ್ತು. ದೊಡ್ಡವರು ಬಡಿಸಿಕೊಳ್ಳಲು ತಟ್ಟೆ ಹಿಡಿದು ಏಳುತ್ತಿದ್ದರು. ಆಗ ಹೇಳಿದೆ.

ಇಕ್ಬಾಲ್ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು. "ಖಚಿತಾನಾ?"

"ಖಚಿತ. ಮದ್ದಿಲ್ಲ ಇದಕ್ಕೆ. ಹೊರಗೆ ತೆಗೀಬೇಕು ಅಷ್ಟೇ."

ಆಮೇಲೆ ಯಾರೂ ಕೂಗಾಡಲಿಲ್ಲ. ಅವರೆಲ್ಲ ಅಂಥ ಗಳಿಗೆಗೆ ತಯಾರಾದವರು. ಒಬ್ಬರು ಕಾರಿನ ಚೀಲದಿಂದ ವಾಂತಿ ಬರಿಸುವ ಸಿರಪ್ ತಂದರು. ಇನ್ನೊಬ್ಬರು ಆಸ್ಪತ್ರೆಗೆ ಫೋನು ಮಾಡಿದರು. ನಾಲ್ಕು ಮಕ್ಕಳನ್ನೂ ಬಕೆಟ್ಟಿನ ಮೇಲೆ ಬಗ್ಗಿಸಿ ಹಿಡಿದರು. ಸರೋಜ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು, ಯಾರಾದರೂ ಕಿತ್ತುಕೊಂಡಾರು ಎಂಬಂತೆ.

ಮೂರು ಮಕ್ಕಳಿಗೆ ಏನೂ ಆಗಲಿಲ್ಲ. ಶಮಾಳಿಗೆ ಸಂಜೆ ಬೆರಳುಗಳು ನಡುಗತೊಡಗಿದವು. ಆಮೇಲೆ ಮೈಯೆಲ್ಲ ಸೆಟೆದುಕೊಂಡಿತು. ಹೃದಯದ ಬಡಿತ ತಪ್ಪುತ್ತಿದೆ ಎಂದು ಯಂತ್ರದ ಕಾಗದ ತೋರಿಸುತ್ತಿತ್ತು. ಅಪ್ಪ ಅದೇ ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ಮಲಗಿಸಿ ಎಬ್ಬಿಸಿದವರು. ಆ ಎರಡು ದಿನ ಅವರು ಮಗಳ ಮಂಚದ ಕಾಲ ಬಳಿ ನಿಂತು ಬರಿದೇ ಅವಳ ಪಾದ ಹಿಡಿದುಕೊಂಡಿದ್ದರು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗಿಂದ ಬಂದ ಒಬ್ಬ ಎಳೆಯ ಡಾಕ್ಟರು ನನ್ನ ಭುಜ ತಟ್ಟಿ, "ನೀವು ಕೂಡಲೇ ಹೇಳಿದ್ದು ಒಳ್ಳೆಯದಾಯ್ತು. ಇಂಥದ್ದರಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತೆ" ಎಂದ.

ಮೂರನೆಯ ದಿನ ಶಮಾ ಐಸ್‌ಕ್ರೀಮ್ ಕೇಳಿದಳು. ಬದುಕಿದಳು. ಆದರೆ ಬಲಗೈಯ ನಡುಕ ಉಳಿಯಿತು. ಲೋಟ ತುಂಬ ನೀರು ಹಿಡಿದರೆ ಇವತ್ತಿಗೂ ಚೆಲ್ಲುತ್ತದೆ.

ವಿಚಾರಣೆಯಾಯಿತು. ಡೆಸ್ ಮೊಲ ಹಿಡಿದ ಬೇಲಿಯ ಆಚೆಗಿನ ಜಮೀನಿನಲ್ಲಿ ಹಿಂದಿನ ದಿನ ವಿಷದ ಕಾಳು ಹಾಕಿದ್ದರು. ಎಚ್ಚರಿಕೆಯ ಹಲಗೆ ಇನ್ನೊಂದು ಗೇಟಿನಲ್ಲಿತ್ತು. ಮರ್ವ್ ನನಗೆ ಕಾಗದ ಕೊಟ್ಟು, "ಏನು ಕಂಡೆಯೋ, ಏನು ಕೇಳಿದೆಯೋ ಬರಿ ಡಾಕ್" ಎಂದ. ಮೊಲಗಳು ಮೇಲ್ನೋಟಕ್ಕೆ ಆರೋಗ್ಯವಾಗಿದ್ದವು ಎಂದು ಬರೆದೆ. ಕೈಯಲ್ಲಿ ಎತ್ತಿಕೊಂಡ ಮಾತು ಬರೆಯಲಿಲ್ಲ. ಪೆಟ್ಟಿಗೆಯಲ್ಲಿ ಸತ್ತಿದ್ದ ಮೊಲದ ಮಾತೂ ಬರೆಯಲಿಲ್ಲ. ಷೆಡ್ಡಿನ ಮಾತು ಯಾರೂ ಕೇಳಲಿಲ್ಲ. ಕಾರ್ಖಾನೆ ಡೆಸ್‌ನಿಂದ ಮೊಲ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅವನಿಗೆ ಬೇರೆ ಕಸುಬಿರಲಿಲ್ಲ.

ಕೊನೆಯ ಸಲ ತನ್ನ ಕೊಕ್ಕೆ, ಪೆಟ್ಟಿಗೆಗಳನ್ನು ಒಯ್ಯಲು ಬಂದವನು ಗೇಟಿನ ಬಳಿ ನನ್ನನ್ನು ನೋಡಿ ನಿಂತ.

"ಕೈಯಲ್ಲೇ ಎತ್ಕೊಂಡೆ ಅಂತ ಹೇಳಿದ್ದೆ ಡಾಕ್. ನಂಗೇನೋ ಅದು ವಿಚಿತ್ರ ಅನ್ನಿಸ್ತು. ನೀನು ಓದಿದವನು, ನೋಡ್ತೀಯ ಅಂತ ಹೇಳಿದ್ದು."

ಬೈಯಲಿಲ್ಲ. ಹೋದ. ಅವನು ಹಾಗೆ ಹೋದದ್ದಕ್ಕೆ ನನಗೆ ಆಗ ನೆಮ್ಮದಿಯೇ ಆಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ಪದ್ಧತಿ ಬದಲಾಯಿತು. ಮೊಲದ ಕಾರ್ಖಾನೆಗೆ ಬರುವ ಪ್ರತಿ ರಾಶಿಗೂ ಚೀಟಿ: ಯಾವ ಜಮೀನು, ಯಾರು ಹೊಡೆದದ್ದು, ಸುತ್ತಮುತ್ತ ವಿಷ ಹಾಕಿದ್ದಾರೆಯೇ. ಚೀಟಿ ಒಳ್ಳೆಯದು. ಆದರೆ ಚೀಟಿಯಲ್ಲಿ ಟಿಕ್ ಹಾಕುವವರು ಬಾಯಿಬಿಟ್ಟು ಕೇಳುವುದನ್ನು ಮರೆಯುತ್ತಾರೆ. ನಾನು ಆ ಹೊತ್ತಿಗೆ ಬ್ರಿಸ್ಬೇನಿಗೆ ಬಂದು ದನದ ಕಾರ್ಖಾನೆ ಸೇರಿದ್ದೆ. ವರ್ಗಾವಣೆಯನ್ನು ನಾನೇ ಕೇಳಿ ಪಡೆದೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮೊಲವನ್ನು ಮನೆಯಲ್ಲಿ ಸಾಕುವುದೂ ಅಪರಾಧ ಎಂದು ತಿಳಿದಾಗ, ಅಂಥ ಊರು ಸಿಕ್ಕಿದ್ದಕ್ಕೆ ಸಂತೋಷಪಟ್ಟೆ. ಒಮ್ಮೆ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಮಾಂಸದಂಗಡಿಯ ತಪಾಸಣೆಗೆ ಹೋದಾಗ ದಕ್ಷಿಣದಿಂದ ತರಿಸಿದ ಮೊಲಗಳು ತಂಪು ಪೆಟ್ಟಿಗೆಯಲ್ಲಿದ್ದವು. ಎಲ್ಲಿಯದು, ಯಾರು ಹಿಡಿದದ್ದು ಎಂದು ಎಷ್ಟು ಪ್ರಶ್ನೆ ಕೇಳಿದೆನೆಂದರೆ ಅಂಗಡಿಯವನು ಕೊನೆಗೆ, "ಅದರ ಅಮ್ಮನ ಹೆಸರೂ ಬೇಕಾ?" ಎಂದ.

ಇಕ್ಬಾಲ್ ಕುಟುಂಬವೂ ಕೆಲವು ವರ್ಷಗಳ ಮೇಲೆ ಬ್ರಿಸ್ಬೇನಿಗೆ ಬಂತು. ಸ್ನೇಹ ಮುರಿಯಲಿಲ್ಲ. ಮುರಿದಿದ್ದರೆ ಹಗುರವಾಗುತ್ತಿತ್ತು. ಎಲ್ಲಿ ಸೇರಿದರೂ ಇಕ್ಬಾಲ್ ನನ್ನ ಹೆಗಲ ಮೇಲೆ ಕೈ ಹಾಕಿ, "ಇವರಿಲ್ಲದಿದ್ರೆ ನನ್ನ ಮಗಳು ಇರ್ತಿರಲಿಲ್ಲ. ನಾಯಿ ಓಡೋದು ನೋಡೇ ಹೇಳಿಬಿಟ್ರು. ನಾವು ಇಷ್ಟು ಡಾಕ್ಟರು ಇದ್ವಿ, ಒಬ್ಬರಿಗೂ ತಿಳೀಲಿಲ್ಲ" ಎನ್ನುತ್ತಿದ್ದರು. ಶಮಾಳ ನಿಕಾಹ್ ದಿನ ಎಲ್ಲರ ಮುಂದೆ ಹೇಳಿದರು. ನಸೀಮಾ ಕಣ್ಣೊರೆಸಿಕೊಂಡು, "ಅಣ್ಣ, ಅವಳಿಗೆ ದುವಾ ಮಾಡಿ" ಎಂದಾಗ ನಾನು ಶಮಾಳ ತಲೆಯ ಮೇಲೆ ಕೈಯಿಟ್ಟೆ. ಅವಳ ಕೈಯಲ್ಲಿದ್ದ ಶರಬತ್ತಿನ ಲೋಟ ಸಣ್ಣಗೆ ಅಲುಗುತ್ತಿತ್ತು. ಹತ್ತಾರು ಸಲ ಹೇಳಲು ಹೊರಟು ಸುಮ್ಮನಾಗಿದ್ದೇನೆ. ಎರಡು ವರ್ಷದ ಹಿಂದೆ ಇಕ್ಬಾಲ್ ತೀರಿಕೊಂಡರು. ಕೊನೆಯವರೆಗೂ ಆ ಮಾತನ್ನು ನಂಬಿಕೊಂಡೇ ಹೋದರು.

ಹೊಸದಾಗಿ ಕೋಟು ತೊಡುವವರಿಗೆ ನಾನು ಹೇಳುವುದು ಇಷ್ಟು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಒಂದು ಲಾರಿ ಒಳ್ಳೆಯ ಮಾಂಸ ಎಸೆದರೆ ಎರಡು ದಿನ ನಗುತ್ತಾರೆ, ಮರೆಯುತ್ತಾರೆ. ಗೊತ್ತಾದ ಮೇಲೆ ಹೇಳದೆ ನಿಂತ ಹೊತ್ತು ಮಾತ್ರ ಯಾರ ಮರೆವಿಗೂ ಸಿಗುವುದಿಲ್ಲ.

ಇಲ್ಲಿಯವರೆಗೆ ಬರೆದ ಮೇಲೆ, ಇದನ್ನು ಬೇರೆ ಯಾರೇ ಓದುವ ಮೊದಲು ಒಬ್ಬಳಿಗೆ ತಿಳಿಯಬೇಕು ಅನ್ನಿಸಿತು. ಶಮಾ ಈಗ ಇಲ್ಲೇ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿದ್ದಾಳೆ, ಅವಳ ಮಕ್ಕಳು ಕಾಲೇಜಿನಲ್ಲಿದ್ದಾರೆ. ಅವಳಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಕಾಗದಗಳನ್ನು ಹಿಡಿದು ಹೋಗಿ, ಅವಳ ಅಡುಗೆಮನೆಯ ಮೇಜಿನ ಎದುರು ಕೂತು ಓದಿದೆ. ಇಟಲಿಯ ಮುದುಕಿಯ ಕಡೆ ನಕ್ಕಳು. ಅಪ್ಪನ ಮಾತು ಬಂದಾಗ ಮುಖ ತಿರುಗಿಸಿ ಕಿಟಕಿ ನೋಡಿದಳು. ಷೆಡ್ಡಿನ ಹತ್ತಿರ ಬಂದಾಗ ನನ್ನ ದನಿ ಇಳಿಯಿತು. ಆದರೂ ಒಂದಕ್ಷರ ಬಿಡದೆ ಕೊನೆಯವರೆಗೂ ಓದಿ, ಕಾಗದ ಮಡಚಿದೆ.

ಅವಳು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದಳು.

"ಡಿಡ್ ಡ್ಯಾಡ್ ನೋ, ಅಂಕಲ್?"

"ಇಲ್ಲಮ್ಮ."

ತಲೆಯಾಡಿಸಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು.

"ಷೆಡ್ ಪಾರ್ಟ್," ಎಂದಳು. "ರೀಡ್ ಇಟ್ ಅಗೇನ್. ಸ್ಲೋಲಿ."

ಕಾಗದ ಬಿಡಿಸಿ ಮತ್ತೆ ಓದಿದೆ.